ಚಿಕ್ಕಪ್ಪನ ಜಾವಾ

ಕಳೆದ ವರ್ಷದ ಜುಲೈ ತಿಂಗಳು. ಮೈಸೂರಿನಿಂದ ನನ್ನ ಚಿಕ್ಕಪ್ಪನ ಹಿರಿಯ ಮಗ ಫೋನು ಮಾಡಿ, "ಅಣ್ಣಾ, ನೀವು ಒಂದು ಭಾನುವಾರ ಬಂದುಹೋಗಲೇಬೇಕು. ನಾವಿಬ್ಬರೇ ಕೂತರೆ ಇದು ಬಗೆಹರಿಯೋ ಹಾಗೆ ಕಾಣೋಲ್ಲ" ಎಂದ. ಅಣ್ಣತಮ್ಮಂದಿರ ಜಗಳವೆಂದರೆ ಮನೆಯದೋ ನಿವೇಶನದ್ದೋ ಇರಬೇಕೆಂದು ನಾನು ಅಳುಕುತ್ತಲೇ ಹೋದೆ. ಹೋಗಿ ನೋಡಿದರೆ ವ್ಯಾಜ್ಯದ ವಸ್ತು ಹಿತ್ತಲಿನ ತಗಡಿನ ಮಾಡಿನ ಕೆಳಗೆ ಹಳೆಯ ಜಮಖಾನೆಯೊಂದನ್ನು ಹೊದ್ದುಕೊಂಡು ನಿಂತಿದ್ದಿತು. ಅದು ಚಿಕ್ಕಪ್ಪ 1968ರಲ್ಲಿ ಕೊಂಡ ಜಾವಾ ಮೋಟಾರ್ ಸೈಕಲ್.

ಚಿಕ್ಕಪ್ಪ ಕಾಲವಾಗಿ ಆರು ವರ್ಷವಾಯಿತು. ಅಂದಿನಿಂದ ಆ ವಾಹನ ಜಾಗ ಬಿಟ್ಟು ಕದಲಿಲ್ಲ. ಹಿರಿಯವನ ವಾದವೇನೆಂದರೆ, ಅದನ್ನು ಪೂರ್ತಿಯಾಗಿ ಬಿಚ್ಚಿಸಿ, ಹೊಸ ಬಣ್ಣ ಬಳಿಸಿ, ಹೊಸ ಕ್ರೋಮು ಹಾಕಿಸಿ, ಕಾರ್ಖಾನೆಯಿಂದ ಇಂದು ಬೆಳಗ್ಗೆ ಹೊರಬಂದಂತೆ ಮಾಡಿ ಮನೆಯ ಮುಂದಣ ಪಡಸಾಲೆಯಲ್ಲಿ ನಿಲ್ಲಿಸಬೇಕು. ಅಪ್ಪನ ನೆನಪಿಗೆ ಅದೇ ಗೌರವ. ಕಿರಿಯವನಿಗೆ ಈ ಮಾತು ಸುತರಾಂ ಒಪ್ಪಿಗೆಯಿಲ್ಲ. ಎಂಜಿನ್ನನ್ನು ಮಾತ್ರ ಸರಿಪಡಿಸಿ, ಮಿಕ್ಕದ್ದನ್ನು ಅಪ್ಪ ಬಿಟ್ಟುಹೋದಂತೆಯೇ ಉಳಿಸಿ, ಓಡಿಸಬೇಕೆಂಬುದು ಅವನ ಹಟ. ನಡುವೆ ಬೆಂಗಳೂರಿನ ಗಿರಾಕಿಯೊಬ್ಬರು ಒಳ್ಳೆಯ ಬೆಲೆಗೆ ಕೇಳಿ ಹೋಗಿದ್ದರು. ಚಿಕ್ಕಮ್ಮ ಮಾತ್ರ ಯಾವ ಪಕ್ಷವನ್ನೂ ವಹಿಸದೆ ಕಾಫಿ ತಂದಿಟ್ಟು ಒಳಗೆ ಹೋದರು.

ಜಮಖಾನೆಯನ್ನು ಸರಿಸಿದೆ. ಕಡುಗೆಂಪು ಬಣ್ಣ, ಟ್ಯಾಂಕಿನ ಎರಡೂ ಪಕ್ಕಗಳಲ್ಲಿ ಮಂಕಾದ ಕ್ರೋಮು, ಮೊಣಕಾಲಿಗೆಂದು ಕೂರಿಸಿದ ರಬ್ಬರಿನ ಪಟ್ಟಿ. ಟ್ಯಾಂಕಿನ ನೆತ್ತಿಯ ಮೇಲೆ ಅಡ್ಡಡ್ಡಲಾಗಿ ಮೂರು ಗೀರು. ಅವುಗಳನ್ನು ನೋಡಿದಾಗ ನನಗೆ ನಗು ಬಂದಿತು. ಆರು ವರ್ಷದ ಹುಡುಗನಾಗಿದ್ದ ನನ್ನನ್ನು ಚಿಕ್ಕಪ್ಪ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕೃಷ್ಣರಾಜಸಾಗರಕ್ಕೆ ಕರೆದೊಯ್ದಿದ್ದ ದಿನ ನನ್ನ ಹೊಸ ಬೆಲ್ಟಿನ ಬಕ್ಕಲು ಮಾಡಿದ ಗಾಯ ಅದು. ತೀರ್ಪು ಹೇಳಲು ಬಂದ ನಾನೇ ಆರೋಪಿ!

ಇಂಥ ವ್ಯಾಜ್ಯ ಈ ಒಂದು ಮನೆಯದೇ ಎಂದು ವಾಚಕರು ತಿಳಿಯಬಾರದು. ಮೈಸೂರು, ಬೆಂಗಳೂರುಗಳ ಎಷ್ಟೋ ಮನೆಗಳ ಹಿತ್ತಲಿನಲ್ಲಿ ಇಂದಿಗೂ ಒಂದು ಜಾವಾ ಅಥವಾ ಅದರ ತಮ್ಮನಾದ ಯೆಜ್ಡಿ ಹೀಗೆ ಮುಸುಕು ಹಾಕಿಕೊಂಡು ನಿಂತಿರುವುದುಂಟು. ಅದನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಮೊದಲು ಅದು ಎಂಥ ವಸ್ತು, ಎಲ್ಲಿಂದ ಬಂದಿತು ಎಂಬುದನ್ನು ತಿಳಿಯುವುದು ಒಳ್ಳೆಯದು.

ಬಾಂಬು ಮಾಡುತ್ತಿದ್ದವನ ಬೈಕು

ಜಾವಾ ಎಂದರೆ ಜಾವಾ ದ್ವೀಪದಿಂದ ಬಂದದ್ದೆಂದು ನಾವು ಹುಡುಗರಾಗಿದ್ದಾಗ ನಂಬಿದ್ದೆವು. ವಾಸ್ತವವಾಗಿ ಅದರ ತವರು ಚೆಕೊಸ್ಲೊವಾಕಿಯಾ. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಎಂಜಿನಿಯರು ಮೊದಲ ಮಹಾಯುದ್ಧದ ಕಾಲದಲ್ಲಿ ಕೈಬಾಂಬುಗಳನ್ನೂ ಆಮೇಲೆ ಬಂದೂಕುಗಳನ್ನೂ ತಯಾರಿಸಿ ಹೆಸರಾದವನು. ಯುದ್ಧ ಮುಗಿದು ಶಾಂತಿ ನೆಲೆಗೊಂಡ ಮೇಲೆ ಆಯುಧಗಳಿಗೆ ಬೇಡಿಕೆ ತಗ್ಗಿತು. ಕಾರ್ಖಾನೆಗೆ ಬೇರೆ ಕೆಲಸ ಬೇಕಾಯಿತು. ಜರ್ಮನಿಯ ವಾಂಡರರ್ ಕಂಪೆನಿ ತನ್ನ ಮೋಟಾರ್ ಸೈಕಲ್ ವಿಭಾಗವನ್ನು ಕೈಬಿಡುತ್ತಿದ್ದುದನ್ನು ತಿಳಿದು ಅದನ್ನು ಕೊಂಡುಕೊಂಡ. ಯಾನೆಚೆಕ್ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರ ಸೇರಿ 1929ರಲ್ಲಿ 'ಜಾವಾ' ಹುಟ್ಟಿತು. ಚೆಕ್ ಜನ ಅದನ್ನು 'ಯಾವಾ' ಎಂದೇ ಉಚ್ಚರಿಸುತ್ತಾರೆ. ನಮ್ಮ ನಾಲಗೆಗೆ ಜಾವಾ ಒಗ್ಗಿಹೋಗಿದೆ, ಇರಲಿ.

ಮೊದಲು ಬಂದ 500 ಸಿ.ಸಿ. ವಾಹನ ದುಬಾರಿಯಾಗಿದ್ದುದರಿಂದ ಹೆಚ್ಚು ಮಂದಿಯ ಕೈಗೆ ಎಟುಕಲಿಲ್ಲ. ಜಾರ್ಜ್ ಪ್ಯಾಚೆಟ್ ಎಂಬ ಇಂಗ್ಲಿಷ್ ಎಂಜಿನಿಯರನ ಸಹಾಯದಿಂದ 1932ರಲ್ಲಿ ಹಗುರವಾದ 175 ಸಿ.ಸಿ. ವಾಹನವೊಂದು ಹೊರಬಂದ ಮೇಲೆ ಕಂಪೆನಿ ಕಾಲೂರಿತು. ಆದರೆ ಕಥೆಯ ಸ್ವಾರಸ್ಯವಿರುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ದೇಶ ನಾಜಿಗಳ ವಶವಾಯಿತು. ಕಾರ್ಖಾನೆ ಅವರ ಯುದ್ಧದ ಕೆಲಸಕ್ಕೆ ದುಡಿಯಬೇಕಾಯಿತು. 1941ರಲ್ಲಿ ಯಾನೆಚೆಕ್ ತೀರಿಕೊಂಡ. ಹಗಲೆಲ್ಲ ಶತ್ರುವಿನ ಚಾಕರಿ ಮಾಡುತ್ತಿದ್ದ ಅಲ್ಲಿನ ಕೆಲವು ಎಂಜಿನಿಯರುಗಳು ಗುಟ್ಟಾಗಿ ಹೊಸದೊಂದು 250 ಸಿ.ಸಿ. ಬೈಕಿನ ನಕ್ಷೆ ತಯಾರಿಸಿದರು. ರಸ್ತೆಯ ಮೇಲೆ ಓಡಿಸಿ ಪರೀಕ್ಷಿಸುವಾಗ ಅದು ಜರ್ಮನಿಯದೇ ವಾಹನವೆಂದು ತೋರುವಂತೆ ವೇಷ ಹಾಕಿಸುತ್ತಿದ್ದರಂತೆ. ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಅದನ್ನು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ನಿಲ್ಲಿಸಿದಾಗ ಚಿನ್ನದ ಪದಕ ಬಂದಿತು. ಹಿಂದಿನ ಚಕ್ರಕ್ಕೂ ಸ್ಪ್ರಿಂಗು ಇದ್ದುದರಿಂದ ಜನ ಅದನ್ನು 'ಪೆರಾಕ್' ಎಂದು ಕರೆದರು.

ಅದರ ವಂಶದಲ್ಲಿ 1954ರ ವೇಳೆಗೆ ಬಂದ ಸುಧಾರಿತ ಮಾದರಿಯೇ ಮುಂದೆ ಮೈಸೂರಿಗೆ ಬಂದು ನಮ್ಮ ಚಿಕ್ಕಪ್ಪನ ಪಾಲಾದದ್ದು.

ಯಾದವಗಿರಿಯಲ್ಲಿ

ಸ್ವಾತಂತ್ರ್ಯ ಬಂದ ಮೇಲೆ ವಿದೇಶದಿಂದ ವಾಹನ ತರಿಸುವುದಕ್ಕೆ ಸರ್ಕಾರದ ಕಟ್ಟುಪಾಡುಗಳು ಬಿಗಿಯಾಗುತ್ತ ಬಂದವು. ಇಲ್ಲಿಯೇ ತಯಾರಿಸುವವರಿಗೆ ಮಾತ್ರ ಮಾರುಕಟ್ಟೆ ಎಂಬಂತಾಯಿತು. 1955ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಎನ್‌ಫೀಲ್ಡ್ ಬುಲೆಟ್ಟು ಕಾಲಿಟ್ಟಿತು. ಪೋಲೆಂಡಿನ ವಾಹನವೊಂದು ಉತ್ತರದಲ್ಲಿ ರಾಜದೂತ್ ಎಂಬ ಹೆಸರು ತಾಳಿತು. ಚೆಕ್ ವಾಹನಕ್ಕೆ ಮೈಸೂರು ತೌರುಮನೆಯಾಯಿತು. ಮುಂಬಯಿಯ ಪಾರ್ಸಿ ಉದ್ಯಮಿ ರುಸ್ತುಂ ಇರಾನಿಯವರು 'ಐಡಿಯಲ್ ಜಾವಾ' ಕಂಪೆನಿಯನ್ನು 1960ರಲ್ಲಿ ಸ್ಥಾಪಿಸಿದರು. ಫರೋಖ್ ಇರಾನಿಯವರು ಮೈಸೂರಿನಲ್ಲಿ ನಿಂತು ಅದನ್ನು ನಡೆಸಿದರು. ಇದಕ್ಕೆ ಜಯಚಾಮರಾಜ ಒಡೆಯರ ಪ್ರೋತ್ಸಾಹವಿದ್ದಿತು. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರೂ ಅವರೇ. ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು.

ರೇಷ್ಮೆ, ಗಂಧದೆಣ್ಣೆ, ರೈಲ್ವೆ ವರ್ಕ್‌ಷಾಪುಗಳ ಮೈಸೂರಿಗೆ ಹೀಗೆ ಮತ್ತೊಂದು ಹೆಮ್ಮೆ ಸೇರಿತು. ಕಾರ್ಖಾನೆಯಲ್ಲಿ ಕೆಲಸವೆಂದರೆ ಹೆಣ್ಣು ಕೊಡುವವರು ಎರಡನೆಯ ಪ್ರಶ್ನೆ ಕೇಳುತ್ತಿರಲಿಲ್ಲ. ಚಿಕ್ಕಪ್ಪ ಅಲ್ಲಿ ಕೆಲಸ ಮಾಡಿದವರಲ್ಲ, ಕಾಲೇಜಿನ ಅಧ್ಯಾಪಕರು. ಆದರೂ "ನಮ್ಮೂರಿನ ಗಾಡಿ" ಎಂದು ಹೇಳುವಾಗ ಅವರ ಕಂಠದಲ್ಲಿ ತಾವೇ ಅದನ್ನು ಎರಕ ಹೊಯ್ದವರಂಥ ಗತ್ತು ಇರುತ್ತಿದ್ದಿತು.

ಯಂತ್ರದ ಮಾತನ್ನು ಸ್ವಲ್ಪ ಹೇಳಬೇಕು. ಮನೆಯ ಹೆಂಗಸರು ಈ ಭಾಗವನ್ನು ಬಿಟ್ಟು ಮುಂದೆ ಓದಬಹುದೆಂದು ಬರೆಯಲು ಹೊರಟಿದ್ದೆ, ಆದರೆ ನಮ್ಮ ಚಿಕ್ಕಮ್ಮನ ವಿಷಯ ತಿಳಿದ ಮೇಲೆ ಆ ಧೈರ್ಯವಿಲ್ಲ. ಈ ಜಾವಾದ ಎಂಜಿನ್ನಿಗೆ ಸಿಲಿಂಡರು ಒಂದೇ. 65 ಮಿಲಿಮೀಟರು ಅಗಲದ ಕೊಳವೆಯಲ್ಲಿ ಪಿಸ್ಟನ್ನು 75 ಮಿಲಿಮೀಟರು ಏರಿ ಇಳಿಯುತ್ತದೆ. ಶಕ್ತಿ ಸುಮಾರು 12 ಕುದುರೆಗಳದು. ಸಿಲಿಂಡರು ಒಂದೇ ಆದರೂ ಹೊಗೆ ಹೋಗಲು ಎಡಕ್ಕೊಂದು ಬಲಕ್ಕೊಂದು ಎರಡು ಸೈಲೆನ್ಸರು. ಜಾವಾದ ಚೆಲುವಿನಲ್ಲಿ ಅರ್ಧ ಪಾಲು ಈ ಜೋಡಿ ಕೊಳವೆಗಳದು. ಹಿಂದಿನ ಚಕ್ರದ ಚೈನು ಪೂರ್ತಿಯಾಗಿ ತಗಡಿನ ಪೆಟ್ಟಿಗೆಯೊಳಗೆ ಅಡಗಿರುವುದರಿಂದ ಸೀರೆಯ ಸೆರಗಿಗೂ ಪಂಚೆಯ ಅಂಚಿಗೂ ಕರಿ ಹತ್ತುವ ಭಯವಿಲ್ಲ.

ಅದರ ಎಡಗಡೆಯಲ್ಲಿರುವ ಒಂದೇ ಸನ್ನೆ ಎರಡು ಕೆಲಸ ಮಾಡುತ್ತದೆ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್. ಎಂಜಿನ್ನು ಹೊತ್ತಿಕೊಂಡ ಮೇಲೆ ಮುಂದಕ್ಕೆ ತಂದರೆ ಅದೇ ಗೇರಿನ ಸನ್ನೆ. ಕಾಲಿನಿಂದ ಗೇರನ್ನು ಒತ್ತಿದೊಡನೆ ಕ್ಲಚ್ಚು ತಾನಾಗಿಯೇ ಬಿಡುತ್ತದೆ, ಕೈಯಿಂದ ಹಿಡಿಯಲೇಬೇಕೆಂಬುದಿಲ್ಲ. ನಡುದಾರಿಯಲ್ಲಿ ಕ್ಲಚ್ಚಿನ ತಂತಿ ತುಂಡಾದರೂ ಪಳಗಿದವರು ಹೇಗೋ ಮನೆ ಸೇರುತ್ತಿದ್ದುದು ಈ ಉಪಾಯದಿಂದಲೇ. ಇನ್ನೊಂದು ತಮಾಷೆ: ಒದೆತ ಸರಿಯಾಗಿ ಬೀಳದೆ ಎಂಜಿನ್ನು ಎದುರೊದೆ ಕೊಟ್ಟರೆ ಕೆಲವೊಮ್ಮೆ ಅದು ತಿರುವುಮುರುವಾಗಿ ಸುತ್ತತೊಡಗುತ್ತದೆ. ಸವಾರ ಮೊದಲನೆಯ ಗೇರು ಹಾಕಿ ಮುಂದೆ ಹೋಗುವ ಬದಲು ಹಿಂದೆ ನಿಂತವರ ಮೇಲೆ ಬರುತ್ತಾನೆ! ಕವಾಟಗಳಿಲ್ಲದ ಟೂ-ಸ್ಟ್ರೋಕ್ ಯಂತ್ರಕ್ಕೆ ಎತ್ತ ಸುತ್ತಿದರೂ ಒಂದೇ.

ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು, ಲೀಟರಿಗೆ ಸುಮಾರು 40ರಿಂದ 50 ಮಿಲಿಲೀಟರು. ಮರೆತರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಬೀದಿಯೆಲ್ಲ ಹೊಗೆ. ಚಿಕ್ಕಪ್ಪನ ಸೀಟಿನ ಕೆಳಗೆ ಒಂದು ಕ್ಯಾನ್ವಾಸಿನ ಚೀಲ ಸದಾ ಇರುತ್ತಿದ್ದಿತು: ಪ್ಲಗ್ ಸ್ಪ್ಯಾನರು, ಒಂದು ಬದಲಿ ಪ್ಲಗ್ಗು, ಪಾಯಿಂಟು ಉಜ್ಜಲು ತೆಳ್ಳನೆಯ ಅರ, ಒಂದು ಕ್ಲಚ್ ತಂತಿ, ಚೈನಿನ ಒಂದು ಕೊಂಡಿ, ಹಳೆಯ ಬನಿಯನ್ನಿನ ತುಂಡು. ಇಷ್ಟಿದ್ದರೆ ಕೊಡಗಿಗಾದರೂ ಹೋಗಿ ಬರಬಹುದೆಂಬುದು ಅವರ ನಂಬಿಕೆ. ಹೋಗಿಯೂ ಬಂದರು. ತಲೆಗೆ ಹೆಲ್ಮೆಟ್ಟಿಲ್ಲದೆ ಹೋಗಿ ಬಂದುದನ್ನು ಮಾತ್ರ ನಾನು ಹೊಗಳಲಾರೆ. ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡುದನ್ನೂ ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಬಾಗಿಲು ಮುಚ್ಚಿದ ಮೇಲೆ

1973ರಿಂದ ಮೈಸೂರಿನ ವಾಹನ ಚೆಕ್ ಹೆಸರನ್ನು ಬಿಟ್ಟು 'ಯೆಜ್ಡಿ' ಆಯಿತು. ಇರಾನಿನ ಯಾಜ್ದ್ ಪಟ್ಟಣದ ಹೆಸರಿನಿಂದ ಬಂದದ್ದೆಂದು ಕೆಲವರೂ, ಸವಾರಿ ಮಾಡು ಎಂಬರ್ಥದ ಚೆಕ್ ಮಾತಿನಿಂದ ಬಂದದ್ದೆಂದು ಕೆಲವರೂ ಹೇಳುತ್ತಾರೆ. 1978ರಲ್ಲಿ ಬಂದ ರೋಡ್‌ಕಿಂಗ್ ಅಂದಿನ ಕಾಲೇಜು ಹುಡುಗರ ಕನಸಾಗಿದ್ದಿತು. ಆದರೆ ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ 100 ಸಿ.ಸಿ. ಬೈಕುಗಳು ಬಂದವು. ಒಂದು ಲೀಟರಿಗೆ ಅವು ಓಡುವ ದೂರವನ್ನು ಕೇಳಿದ ಸಂಸಾರವಂದಿಗರು ಜಾವಾದ ಚೆಲುವನ್ನು ಮರೆತರು. ಮರೆತದ್ದು ತಪ್ಪೆಂದು ಹೇಳಲಾಗದು. ತಿಂಗಳ ಕೊನೆಯಲ್ಲಿ ಚೆಲುವಿನಿಂದ ಪೆಟ್ರೋಲು ಬರುವುದಿಲ್ಲ. ಹೊಗೆಯ ಮೇಲಿನ ಸರ್ಕಾರದ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು.

ಸಾಮಾನ್ಯವಾಗಿ ಕಾರ್ಖಾನೆ ಮುಚ್ಚಿದರೆ ಅದರ ವಾಹನಗಳೂ ಹತ್ತು ಹದಿನೈದು ವರ್ಷಗಳಲ್ಲಿ ಗುಜರಿಯ ಪಾಲಾಗುತ್ತವೆ. ಇಲ್ಲಿ ಹಾಗಾಗಲಿಲ್ಲ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅಭಿಮಾನಿಗಳು ಜಾವಾ ದಿನವೆಂದು ಆಚರಿಸುತ್ತಾರೆ. ಆ ದಿನ ಬೆಂಗಳೂರು, ಮೈಸೂರುಗಳಲ್ಲಿ ಸಾಲುಗಟ್ಟಿ ನಿಂತ ಈ ವಾಹನಗಳನ್ನು ನೋಡಿದವರಿಗೆ ಕಾರ್ಖಾನೆ ಮುಚ್ಚಿದ ಸುದ್ದಿಯೇ ಸುಳ್ಳೇನೋ ಎನಿಸಬೇಕು. 2018ರಲ್ಲಿ ಮಹೀಂದ್ರ ಬಳಗದ ಕಂಪೆನಿಯೊಂದು ಜಾವಾ ಹೆಸರನ್ನೂ, 2022ರಲ್ಲಿ ಯೆಜ್ಡಿ ಹೆಸರನ್ನೂ ಮತ್ತೆ ಮಾರುಕಟ್ಟೆಗೆ ತಂದಿತು. ಅವು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾದವು, ಎಂಜಿನ್ನು ಫೋರ್-ಸ್ಟ್ರೋಕ್. ಜೋಡಿ ಸೈಲೆನ್ಸರು ಉಳಿದರೂ ಹಳೆಯ ಸದ್ದು ಉಳಿಯಲಿಲ್ಲ. ಹೊಸಬರಿಗೆ ಅದು ಕೊರತೆಯೇನಲ್ಲ.

ಹಳೆಯ ಜಾವಾ ಬದುಕಿ ಉಳಿದದ್ದು ಅದರ ಚೆಲುವಿನಿಂದ ಎಂದು ಹೇಳುವವರೇ ಹೆಚ್ಚು. ನನಗೆ ಹಾಗೆ ತೋರುವುದಿಲ್ಲ. ನಾಲ್ಕು ಸ್ಪ್ಯಾನರು ಹಿಡಿಯಬಲ್ಲ ಯಾರಾದರೂ ಅದನ್ನು ಬಿಚ್ಚಿ, ಕಾರಣ ಕಂಡು, ಮತ್ತೆ ಜೋಡಿಸಬಹುದಾಗಿತ್ತು, ಉಳಿದದ್ದು ಅದರಿಂದ. ಇದು ನನಗೆ ಮನವರಿಕೆಯಾದದ್ದು ಆ ಭಾನುವಾರ ಸಂಜೆ, ಕಿರಿಯವನು ಕರೆತಂದ ಮೇಸ್ತ್ರಿಯಿಂದ.

ಅವರಿಗೆ ಎಪ್ಪತ್ತು ದಾಟಿದೆ. ಹುಡುಗನಾಗಿದ್ದಾಗಿನಿಂದಲೂ ಜಾವಾ ರಿಪೇರಿಯಲ್ಲಿಯೇ ಕೈ ಪಳಗಿಸಿದವರು. ಬಂದವರೇ ಬಣ್ಣದ ಕಡೆ ನೋಡಲಿಲ್ಲ. ಪ್ಲಗ್ಗು ಬಿಚ್ಚಿ, ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತಿ ಪಿಸ್ಟನ್ನು ಕಚ್ಚಿಲ್ಲವೆಂಬುದನ್ನು ಖಾತ್ರಿ ಮಾಡಿಕೊಂಡರು. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ಮುಖ ಸಿಂಡರಿಸಿದರು. ಆರು ವರ್ಷದ ಹಿಂದಿನ ಪೆಟ್ರೋಲು ಒಳಗೆಲ್ಲ ಅಂಟಾಗಿ ತುಕ್ಕು ಕೂರಿಸಿದ್ದಿತು.

"ಇದು ಚಿಕ್ಕದು ಸ್ವಾಮಿ" ಎಂದರು. "ಸೀಲು ಹೋಗಿರ್ತದೆ. ಅದು ದೊಡ್ಡದು."

ವಿಷಯವಿಷ್ಟೆ. ಟೂ-ಸ್ಟ್ರೋಕ್ ಯಂತ್ರದಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆಗೆ ಬಂದು, ಅಲ್ಲಿಂದ ಒತ್ತಡದಿಂದ ಮೇಲೇರಬೇಕು. ಆ ಪೆಟ್ಟಿಗೆಯಲ್ಲಿ ಗಾಳಿ ಸೋರಕೂಡದು. ಸೋರದಂತೆ ತಡೆಯುವುದು ಕ್ರ್ಯಾಂಕಿನ ಎರಡು ಪಕ್ಕದ ರಬ್ಬರಿನ ಸೀಲುಗಳು. ನಿಂತೇ ಇದ್ದರೆ ಅವು ಒಣಗಿ ಗಡುಸಾಗುತ್ತವೆ. ಒಂದು ಕಡೆಯದು ಹೋದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ನು ಮಿತಿಮೀರಿ ಕಾಯ್ದು ಪಿಸ್ಟನ್ನು ಕಚ್ಚುತ್ತದೆ. ಇನ್ನೊಂದು ಕಡೆಯದು ಹೋದರೆ ಗೇರಿನ ಎಣ್ಣೆಯನ್ನು ಹೀರಿಕೊಂಡು ಬಿಳಿಯ ಹೊಗೆ ಕಾರುತ್ತದೆ. ಹೊಸ ಬಣ್ಣ ಬಳಿದು ಪಡಸಾಲೆಯಲ್ಲಿ ನಿಲ್ಲಿಸಿದರೆ ಹೊರಗಿನವರಿಗೆ ಹೊಳೆಯುವ ಜಾವಾ ಕಾಣುತ್ತದೆ, ಒಳಗೆ ಯಂತ್ರ ಮೆಲ್ಲಗೆ ಸಾಯುತ್ತಿರುತ್ತದೆ.

ಹಿರಿಯವನು ಸುಮ್ಮನಾಗಲಿಲ್ಲ. "ಹಾಗಾದರೆ ತುಕ್ಕು ತಿನ್ನಲಿ ಅಂತ ಬಿಡೋಣವೆ?" ಎಂದು ಕೇಳಿದ. ಪ್ರಶ್ನೆ ನ್ಯಾಯವಾಗಿತ್ತು.

ಮೇಸ್ತ್ರಿ ಟ್ಯಾಂಕಿನ ಮೇಲಿನ ಗೀರುಗಳ ಮೇಲೆ ಬೆರಳಾಡಿಸಿ, "ಪೇಂಟು ಯಾವಾಗ ಬೇಕಾದರೂ ಹೊಡೀಬೋದು. ಕೆರೆದುಬಿಟ್ಟರೆ ಕಂಪ್ನಿ ಪೇಂಟು ವಾಪಸ್ ಬರಲ್ಲ. ತುಕ್ಕು ನಿಲ್ಲಿಸೋಣ, ಮೇಣ ಹಾಕೋಣ, ಸಾಕು" ಎಂದರು. ತಮ್ಮಿಂದ ಈ ಕೆಲಸ ಕಲಿತವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಇಬ್ಬರು ಮಕ್ಕಳೂ ಆಫೀಸಿನ ಕೆಲಸಕ್ಕೆ ಹೋಗಿದ್ದಾರಂತೆ. ಬಿಡಿಭಾಗಗಳನ್ನು ಇಂದಿಗೂ ಹುಡುಕಿ ತರಬಹುದು. ಎದೆಗೆ ಕಿವಿಯಿಟ್ಟ ವೈದ್ಯರಂತೆ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ಬೇರಿಂಗಿನ ರೋಗ ಹೇಳುವ ಆ ಕಿವಿಯನ್ನು ಎಲ್ಲಿಂದ ತರುವುದು? ಕಿರಿಯವನಿಗೆ ಅಲ್ಲಿಯೇ ಒಂದು ಕರಾರು ಹಾಕಿದೆ: ಎಂಜಿನ್ನು ಬಿಚ್ಚುವಾಗ ಪ್ರತಿ ಶನಿವಾರ ಭಾನುವಾರ ಅವನು ಪಕ್ಕದಲ್ಲಿ ಕುಳಿತು ಕಲಿಯತಕ್ಕದ್ದು. ಮೇಸ್ತ್ರಿ ನಕ್ಕರು, ಬೇಡವೆನ್ನಲಿಲ್ಲ.

ಇನ್ನು ಕಾಗದಪತ್ರ. ಮನೆಯಲ್ಲಿ ಹಳೆಯ ವಾಹನವಿರುವವರು ಇದನ್ನು ಗಮನಿಸುವುದು ಒಳ್ಳೆಯದು. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ 'ವಿಂಟೇಜ್' ನೋಂದಣಿಯ ನಿಯಮ ತಂದಿತು. ಹೊಸದಾಗಿ ನೋಂದಾಯಿಸುವವರಿಗೆ 'ವಿಎ' ಎಂಬ ಅಕ್ಷರಗಳುಳ್ಳ ಸಂಖ್ಯೆ, ಅದಕ್ಕೆ ನಿಗದಿಯಾದ ಶುಲ್ಕ 20,000 ರೂಪಾಯಿ. ಮೊದಲೇ ನೋಂದಣಿಯಿದ್ದವರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಅಂಥ ವಾಹನವನ್ನು ಪ್ರದರ್ಶನ, ರ್ಯಾಲಿ, ಪೆಟ್ರೋಲು, ರಿಪೇರಿ ಮುಂತಾದವಕ್ಕಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಓಡಿಸಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ತಪಾಸಣೆ ಮಾಡಿಸಿ ನವೀಕರಿಸಿಕೊಳ್ಳಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ವರ್ಗವಾಗಬೇಕು. ಎಂಜಿನ್ನಿನ ಮೇಲೂ ಚೌಕಟ್ಟಿನ ಮೇಲೂ ಕೆತ್ತಿದ ಸಂಖ್ಯೆಗಳು ಪುಸ್ತಕದಲ್ಲಿದ್ದಂತೆಯೇ ಇರಬೇಕು. ಯೆಜ್ಡಿಯ ಎಂಜಿನ್ನಿಗೆ ಜಾವಾದ ಟ್ಯಾಂಕು ಕೂರಿಸಿ ಜಾವಾ ಎಂದು ಮಾರುವವರಿದ್ದಾರೆ, ಕೊಳ್ಳುವವರು ಬಣ್ಣಕ್ಕಿಂತ ಮೊದಲು ಈ ಅಂಕಿಗಳನ್ನು ನೋಡಬೇಕು.

ವಿಂಟೇಜ್ ಪಟ್ಟವೋ ಬೀದಿಯ ಓಡಾಟವೋ ಎಂಬ ಪ್ರಶ್ನೆ ಬಂದಾಗ ಚಿಕ್ಕಮ್ಮ ಮೊದಲ ಸಲ ಬಾಯಿ ತೆರೆದರು. "ಅವರು ಅದನ್ನ ನೋಡೋಕೆ ತಂದಿರಲಿಲ್ಲ ಕಣಪ್ಪಾ." ಬೆಂಗಳೂರಿನ ಗಿರಾಕಿಯ ಮಾತು ಅಲ್ಲಿಗೆ ಮುಗಿಯಿತು, ಪಡಸಾಲೆಯ ಮಾತೂ ಮುಗಿಯಿತು. ದಿನವೂ ಹೊಗೆ ಬಿಡುತ್ತ ಊರೆಲ್ಲ ತಿರುಗುವುದು ಬೇಡವೆಂಬ ಹಿರಿಯವನ ಷರತ್ತನ್ನು ಕಿರಿಯವನು ಒಪ್ಪಿದ. ಭಾನುವಾರ ಬೆಳಗಿನ ಒಂದು ಸುತ್ತು ಮಾತ್ರ.

ಕೆಲಸ ದಸರೆ ಕಳೆದು ದೀಪಾವಳಿಯವರೆಗೂ ಎಳೆಯಿತು. ಕ್ರ್ಯಾಂಕು ಲೇತಿನ ಅಂಗಡಿಗೆ ಹೋಗಿ ಬಂದಿತು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತಿರುವುದರಿಂದ ಹಳೆಯ ರಬ್ಬರು ಬಾಳುವುದಿಲ್ಲ, ಅದು ನೀರನ್ನು ಹೀರಿ ಟ್ಯಾಂಕಿಗೆ ತುಕ್ಕನ್ನೂ ತರುತ್ತದೆ; ಪೆಟ್ರೋಲಿನ ಕೊಳವೆ, ವಾಷರುಗಳೆಲ್ಲ ಬದಲಾದವು. ಹೆಚ್ಚು ದಿನ ನಿಲ್ಲಿಸುವುದಿದ್ದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಬರಿದು ಮಾಡಿಡಬೇಕೆಂದು ಮೇಸ್ತ್ರಿ ಮೂರು ಸಲ ಹೇಳಿದರು. ಗೀರುಗಳ ಮೇಲೆ ಮೇಣ ಬಿದ್ದಿತು. ಅವು ಇನ್ನೂ ಸ್ಪಷ್ಟವಾಗಿ ಕಾಣತೊಡಗಿದವು.

ಕಾಗದಗಳು ಕೈಗೆ ಬಂದದ್ದು ಜನವರಿಯಲ್ಲಿ. ಸಂಖ್ಯೆ ಹಳೆಯದೇ, ಮೈಸೂರು ರಾಜ್ಯದ ಕಾಲದ 'ಎಂವೈ' ಅಕ್ಷರಗಳದು. ಸಂಕ್ರಾಂತಿಯ ಮಾರನೆಯ ಭಾನುವಾರ ನಾನೂ ಹೋಗಿದ್ದೆ. ಕಿರಿಯವನು ಹೆಲ್ಮೆಟ್ಟು ಬಿಗಿದು, ಮೂರನೆಯ ಒದೆತಕ್ಕೆ ಎಂಜಿನ್ನು ಹೊತ್ತಿಸಿ, ನೀಲಿ ಹೊಗೆಯೊಂದನ್ನು ಅಂಗಳದಲ್ಲಿ ಬಿಟ್ಟು ಬೀದಿಗಿಳಿದ. ಹಿರಿಯವನು ಗೇಟಿನ ಬಳಿ ಫೋಟೋ ತೆಗೆಯುತ್ತ ನಿಂತ. ಚಿಕ್ಕಮ್ಮ ಹೊರಗೆ ಬರಲೇ ಇಲ್ಲ. ಅಡಿಗೆಮನೆಯ ಕಿಟಕಿಯ ಬಳಿ ಒಗ್ಗರಣೆಯ ಸೌಟು ಹಿಡಿದು ನಿಂತಿದ್ದರು. ಸದ್ದು ಬೀದಿಯ ಕೊನೆಗೆ ಹೋಗಿ, ತಿರುವಿನಲ್ಲಿ ಏರುದನಿಯಾಗಿ, ದೂರವಾಯಿತು.

"ಎರಡನೇ ಗೇರಲ್ಲಿ ಇಷ್ಟು ಎಳೀಬಾರದು ಅಂತ ಅವನಿಗೆ ಹೇಳು" ಎಂದರು ಚಿಕ್ಕಮ್ಮ. "ಆ ತಿರುವು ದಾಟಿದ ಕೂಡಲೆ ಅವರು ಮೂರಕ್ಕೆ ಹಾಕ್ತಿದ್ದರು."